ಜರ್ಮನಿಯಲ್ಲಿ ಗುಂಡು ತಿಂದ ಅಂಗಿ

ನನ್ನ ಹಳೆಯ ಪಾಸ್‌ಪೋರ್ಟಿನಲ್ಲಿ ಜರ್ಮನಿಯ ಮುದ್ರೆ ಕಂಡವರೆಲ್ಲ ರೈನ್ ನದಿ ಹೇಗಿತ್ತು, ಕೋಟೆಗಳು ಹೇಗಿದ್ದವು ಎಂದು ಕೇಳುತ್ತಾರೆ. ನಾನು ಏನು ಹೇಳಲಿ? ಒಂದು ವಾರ ಆ ದೇಶದಲ್ಲಿದ್ದು ನಾನು ಕಣ್ತುಂಬ ನೋಡಿದ್ದು ಒಂದು ಮಣ್ಣಿನ ಮುದ್ದೆಯನ್ನು. ಅದರ ಮೇಲೆ ನಾನೇ ಹೊಲಿದ ಅಂಗಿಯನ್ನು ಕಟ್ಟಿ ಗುಂಡು ಹೊಡೆದರು. ನಾನು ಜೈನ. ಇರುವೆ ಸಾಲು ಕಂಡರೆ ಸುತ್ತು ಬಳಸಿ ಹೋಗುವವನು. ಗುಂಡು ಹೊಡೆಯುವುದನ್ನು ನೋಡಲು ಅಷ್ಟು ದೂರ ಹೋದೆನೆಂದರೆ ನನ್ನ ಹೆಂಡತಿಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಮೂಡುಬಿದಿರೆ

ಮೂಡುಬಿದಿರೆಯಲ್ಲಿ ಕಾಲೇಜುಗಳು ಬೆಳೆದಂತೆ ನನ್ನ ಹೊಲಿಗೆ ಯಂತ್ರಗಳೂ ಬೆಳೆದವು. ಬೀದರಿನ ಹುಡುಗನಿರಲಿ, ಬಳ್ಳಾರಿಯ ಹುಡುಗಿಯಿರಲಿ, ಬಸ್‌ಸ್ಟ್ಯಾಂಡಿನಲ್ಲಿ ಇಳಿದ ವಾರದೊಳಗೆ ಯೂನಿಫಾರಂ ಅಳತೆಗೆ ನನ್ನ ಟೇಪಿನಡಿ ಬರಲೇಬೇಕು. ನನಗೆ ಬಟ್ಟೆ ತರಿಸಿಕೊಡುತ್ತಿದ್ದವರು ತೋಡಾರಿನ ಅಬ್ಬಾಸ್ ಬ್ಯಾರಿಗಳು. ನಾನು ಅವರನ್ನು ಅಬ್ಬಾಸಾಕ ಎನ್ನುತ್ತೇನೆ, ಅವರು ನನ್ನನ್ನು ಪದ್ಮಣ್ಣ ಎನ್ನುತ್ತಾರೆ. ಜಗಳ ಬಂದರೆ ಮಾತ್ರ ಅವರಿಗೆ ನಾನು ‘ಪದ್ಮರಾಜರು’.

ಅಬ್ಬಾಸಾಕನಿಗೆ ಒಬ್ಬನೇ ಮಗ, ನಾಸಿರ್. ದುಬೈಯಲ್ಲಿ ಒಬ್ಬ ಚಿನ್ನದ ವ್ಯಾಪಾರಿಯ ವ್ಯಾನ್ ಓಡಿಸುತ್ತಿದ್ದ. ವಿಮಾನ ನಿಲ್ದಾಣದಿಂದ ಅಂಗಡಿಗೆ ಚಿನ್ನ ಸಾಗಿಸುವುದು ಅವನ ಕೆಲಸ. ಎಲ್ಲೋ ಹೊರದೇಶದಲ್ಲಿ ಇಂಥದೇ ವ್ಯಾನಿಗೆ ಕಳ್ಳರು ಕಾರ್ಬೈನ್ ಬಂದೂಕು ಹಿಡಿದು ಅಡ್ಡ ಬಂದರೆಂದು ಸುದ್ದಿ ಬಂದದ್ದೇ, ಆ ವ್ಯಾಪಾರಿಗೆ ನಿದ್ದೆ ಹೋಯಿತು. ತನ್ನ ಡ್ರೈವರುಗಳಿಗೂ ಕಾವಲುಗಾರರಿಗೂ ಗುಂಡು ತಡೆಯುವ ಅಂಗಿ ಬೇಕು, ಹೊಲಿದುಕೊಡುತ್ತೀರಾ ಎಂದು ಅಬ್ಬಾಸಾಕನನ್ನು ಕೇಳಿದ. ಇವರು ನನ್ನನ್ನು ಕೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ ಹೂಂ ಎಂದೆ. ಅಂಗಿ ಎಂದ ಮೇಲೆ ಅಂಗಿ.

ವ್ಯಾಪಾರಿಯೇ ಬಟ್ಟೆ ಕಳಿಸಿದ. ಹಳದಿ ಬಣ್ಣದ, ರೇಷ್ಮೆಯಂತೆ ಜಾರುವ, ಕತ್ತರಿಗೆ ಬಗ್ಗದ ಬಟ್ಟೆ. ಅದನ್ನು ಪದರದ ಮೇಲೆ ಪದರ ಇಟ್ಟು ಎದೆಗೊಂದು, ಬೆನ್ನಿಗೊಂದು ದಿಂಡು ಮಾಡಬೇಕು. ಜೊತೆಗೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ಒಂದು ಕಾಗದವೂ ಇತ್ತು. ಅದರ ಹಿಂಬದಿ ಖಾಲಿ ಇದ್ದುದರಿಂದ ನಾನು ನಾಸಿರನ ಎದೆಯಳತೆ ಬರೆದುಕೊಂಡೆ. ಮುಂಬದಿ ಓದಲಿಲ್ಲ.

ನಮ್ಮಲ್ಲಿ ಒಂದು ಶಿಸ್ತು ಉಂಟು. ಹೊಸ ಬಟ್ಟೆ ಯಾವುದೇ ಇರಲಿ, ಮೊದಲು ನೀರಿಗೆ ಹಾಕಬೇಕು, ಒಣಗಿಸಬೇಕು, ಆಮೇಲೆ ಕತ್ತರಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ, ಹುಡುಗರ ಪ್ಯಾಂಟು ಮೊಣಕಾಲಿಗೆ ಬಂದು, ತಾಯಂದಿರು ನನ್ನ ಅಂಗಡಿಗೆ ಬರುತ್ತಾರೆ. ನನ್ನ ಕಟಿಂಗ್ ಮಾಸ್ಟರ್ ಸಿದ್ಧಕಟ್ಟೆಯ ಸಂಜೀವ ಆ ದಿನ ಹಳದಿ ಬಟ್ಟೆ ಹಿಡಿದುಕೊಂಡು ಅನುಮಾನದಿಂದ ನಿಂತ.

“ಇದನ್ನೂ ನೀರಿಗೆ ಹಾಕುದಾ, ಧಣಿ?”

“ಮತ್ತೆ? ಕಾಲರಿಗೆ ಒಂದು ನ್ಯಾಯ, ಎದೆಗೆ ಒಂದು ನ್ಯಾಯವಾ? ಹಾಕು ಮಾರಾಯ.”

ಹಾಕಿದ. ಜೂನ್ ತಿಂಗಳು. ಹೊರಗೆ ಮಳೆ ಹೊಯ್ಯುತ್ತಿತ್ತು. ಒಳಗೆ ಹಗ್ಗ ಕಟ್ಟಿ, ಮಡಚಿ ನೇತುಹಾಕಿ, ಫ್ಯಾನ್ ಹಚ್ಚಿದೆವು. ಎರಡು ದಿನದಲ್ಲಿ ಮುಟ್ಟಿದರೆ ಒಣಗಿದ ಹಾಗೆಯೇ ಇತ್ತು. ಹೊಲಿದು, ದಿಂಡುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಇಸ್ತ್ರಿಪೆಟ್ಟಿಗೆಯಿಂದ ಅಂಚು ಕರಗಿಸಿ ಅಂಟಿಸಿದೆ. ಹೊರಗಿನ ಒಂದು ಹನಿಯೂ ಒಳಗೆ ಹೋಗಕೂಡದು ಎಂಬ ಕಾಳಜಿ ನನ್ನದು. ಒಟ್ಟು ಎರಡು ಅಂಗಿ ಆದವು. ಅಳತೆ ನೋಡಲೆಂದು ಒಂದನ್ನು ಊರಿಂದ ಹೋಗುವವರ ಕೈಯಲ್ಲಿ ನಾಸಿರನಿಗೆ ಕಳಿಸಿದೆವು. “ಸರಿಯಾಗಿ ಕೂತಿದೆ, ದಿನಾ ಹಾಕುತ್ತೇನೆ” ಎಂದು ಅವನು ಫೋನ್ ಮಾಡಿದ. ಅಬ್ಬಾಸಾಕನ ಹೆಂಡತಿ ಆ ಖುಷಿಗೆ ನಮ್ಮ ಮನೆಗೆ ಒಂದು ಬುಟ್ಟಿ ನೇಂದ್ರ ಬಾಳೆಹಣ್ಣು ಕಳಿಸಿದರು.

ಇನ್ನೊಂದು ಅಂಗಿಯನ್ನು ಜರ್ಮನಿಯ ಪರೀಕ್ಷಾ ಕೇಂದ್ರದಲ್ಲಿ ಪಾಸು ಮಾಡಿಸಿಕೊಂಡು ಬರಬೇಕೆಂದು ವ್ಯಾಪಾರಿಯ ಷರತ್ತು. ಖರ್ಚು ಅವನದೇ. ಹೀಗೆ ತೊಂಬತ್ತೊಂಬತ್ತನೇ ಇಸವಿಯ ಮಳೆಗಾಲದಲ್ಲಿ ನಾವಿಬ್ಬರು ಹೊರಟೆವು.

ಮುಂಬಯಿ ವಿಮಾನ ನಿಲ್ದಾಣ

ಚೀಲ ತಪಾಸಣೆ ಮಾಡುವವನು ಕೇಳಿದ್ದು ಒಂದೇ ಪ್ರಶ್ನೆ, ಇದೇನು ಎಂದು. ‘ಜಾಕೆಟ್’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಬ್ಬಾಸಾಕ ಸುಳ್ಳು ಹೇಳುವವರಲ್ಲ. ತಮ್ಮ ದುಬೈ ಹಿಂದಿಯಲ್ಲಿ ಗುಂಡು, ಪಿಸ್ತೂಲು, ಕಾರ್ಬೈನ್ ಎಲ್ಲವನ್ನೂ ವಿವರವಾಗಿ, ಕೈಸನ್ನೆ ಸಮೇತ ಹೇಳಿದರು. ಎಲ್ಲಿಂದಲೋ ನಾಲ್ಕು ಜನ ಪೊಲೀಸರು ಬಂದರು.

“ಇಷ್ಟು ಬಿಡಿಸಿ ಹೇಳುವ ಅಗತ್ಯ ಎಂತ ಇತ್ತು, ಅಬ್ಬಾಸಾಕ?”

“ಕೇಳಿದರಲ್ಲ ಪದ್ಮಣ್ಣ, ಹೇಳಿದೆ.”

ಕೊನೆಗೆ ಒಬ್ಬ ಅಧಿಕಾರಿ, ಇದು ನಿಜವಾಗಿಯೂ ಅಂಗಿಯೇ ಆಗಿದ್ದರೆ ಹಾಕಿ ತೋರಿಸಿ ಎಂದ. ಅಬ್ಬಾಸಾಕನ ಹೊಟ್ಟೆಗೆ ಅದು ಹಿಡಿಸಲಿಲ್ಲ. ನಾನು ಹಾಕಿಕೊಂಡು, ಮದುವೆಗೆ ಹೊರಟ ಮದುಮಗನ ಹಾಗೆ ಆ ಕಡೆ ಈ ಕಡೆ ತಿರುಗಿ ನಿಂತೆ. ಎದೆಗೆ ತಣ್ಣಗೆ ಹಿತವಾಗಿತ್ತು. ಎಂಥ ಬಟ್ಟೆ ಮಾರಾಯ, ಒಳಗೆ ಏರ್ ಕಂಡೀಶನ್ ಇಟ್ಟ ಹಾಗೆ ಉಂಟಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಬುದ್ಧಿ ಇದ್ದವನಾದರೆ ಅಲ್ಲಿಂದಲೇ ವಾಪಸು ಬರಬೇಕಿತ್ತು.

ಜರ್ಮನಿ, ಮೊದಲ ದಿನ

ನಾವಿಳಿದದ್ದು ಸಣ್ಣ ಪಟ್ಟಣ. ರಸ್ತೆಯಲ್ಲಿ ವಾಹನವೇ ಇಲ್ಲದಿದ್ದರೂ ಕೆಂಪು ದೀಪ ಇದೆಯೆಂದು ಜನ ನಿಂತುಕೊಂಡೇ ಇರುತ್ತಾರೆ. ಅಬ್ಬಾಸಾಕ ಬಂಟ್ವಾಳದ ಪೇಟೆಯಲ್ಲಿ ದಾಟುವ ಹಾಗೆ ಕೈ ಎತ್ತಿ ದಾಟಿದರು. ಹಿಂದಿನಿಂದ ಒಬ್ಬಳು ಅಜ್ಜಿ ಚೆನ್ನಾಗಿ ಬೈದಳು. ಭಾಷೆ ತಿಳಿಯದಿದ್ದರೂ ಬೈಗುಳ ಎಂದು ತಿಳಿಯಿತು.

ಊಟದ್ದು ದೊಡ್ಡ ಕಥೆ. ನಾನು ಗಡ್ಡೆ ತಿನ್ನುವುದಿಲ್ಲ, ಅವರಿಗೆ ಅಲ್ಲಿನ ಮಾಂಸ ಆಗುವುದಿಲ್ಲ. ಆ ದೇಶದಲ್ಲಿ ಮಾಂಸ ಮತ್ತು ಬಟಾಟೆ ತೆಗೆದರೆ ತಟ್ಟೆಯಲ್ಲಿ ಉಳಿಯುವುದು ಚಮಚ. ಹೀಗಾಗಿ ಬ್ರೆಡ್ಡು, ಬಾಳೆಹಣ್ಣು, ಮನೆಯಿಂದ ಕಟ್ಟಿಕೊಂಡು ಹೋದ ಅವಲಕ್ಕಿ, ಹಪ್ಪಳ. ಆದರೆ ಒಂದು ಸುಖ ಇತ್ತು. ನಾನು ಸೂರ್ಯ ಮುಳುಗಿದ ಮೇಲೆ ಉಣ್ಣುವವನಲ್ಲ. ಊರಿನಲ್ಲಿ ಆರೂವರೆಗೆ ಬಾಯಿ ಮುಚ್ಚಬೇಕು. ಅಲ್ಲಿ ಗಂಟೆ ಒಂಬತ್ತೂವರೆಯಾದರೂ ಸೂರ್ಯ ಹೋಗುವ ಅಂದಾಜೇ ಇಲ್ಲ. ನಾನು ಕಿಟಕಿ ಪಕ್ಕ ಕುಳಿತು, ಆಕಾಶ ನೋಡುತ್ತ, ವ್ರತಭಂಗವಿಲ್ಲದೆ ಮೂರು ಸಲ ಅವಲಕ್ಕಿ ತಿಂದೆ.

“ನಿಮಗೇನು, ಮಜಾ” ಎಂದರು ಅಬ್ಬಾಸಾಕ. ಸೂರ್ಯ ಮುಳುಗದೆ ಅವರಿಗೆ ಸಂಜೆಯ ನಮಾಜು ಇಲ್ಲ, ನಮಾಜು ಮುಗಿಯದೆ ನಿದ್ದೆ ಇಲ್ಲ. ಒಂದೇ ಸೂರ್ಯ ನನಗೆ ಊಟ ಕೊಟ್ಟು ಅವರ ನಿದ್ದೆ ಕಿತ್ತುಕೊಂಡ.

ಎರಡನೆಯ ದಿನ, ಬೆಳಿಗ್ಗೆ

ಪರೀಕ್ಷೆ ಮಾಡುವವಳು ಹೆಲ್ಗಾ ಎಂಬ ಅರುವತ್ತರ ಹತ್ತಿರದ ಹೆಂಗಸು. ಬಿಳಿ ಕೋಟು, ಕೊರಳಲ್ಲಿ ಕನ್ನಡಕ. ಅವಳ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ನಿಧಾನವಾಗಿದ್ದುದರಿಂದ ನಮ್ಮಿಬ್ಬರಿಗೂ ಒಳ್ಳೆಯ ಹೊಂದಾಣಿಕೆಯಾಯಿತು. ಅವಳು ಎಲ್ಲವನ್ನೂ ತೂಗುತ್ತಾಳೆ. ಅಂಗಿಯ ದಿಂಡುಗಳನ್ನು ತಕ್ಕಡಿಯ ಮೇಲಿಟ್ಟು, ಪುಸ್ತಕ ನೋಡಿ, ಮತ್ತೆ ತೂಗಿ, “ನಿಮ್ಮದು ಭಾರ ಜಾಸ್ತಿ” ಎಂದಳು.

ನಾನು ಎದೆ ಉಬ್ಬಿಸಿದೆ. “ನಮ್ಮ ಊರಿನಲ್ಲಿ ಕಡಿಮೆ ಕೊಡುವ ಅಭ್ಯಾಸ ಇಲ್ಲ” ಎಂದು ಹೇಳಿದೆ. ಅವಳು ಹುಬ್ಬೇರಿಸಿ ಬರೆದುಕೊಂಡಳು.

ಮರದ ಚೌಕಟ್ಟಿನಲ್ಲಿ ತುಂಬಿದ ಜೇಡಿಯಂಥ ಮಣ್ಣನ್ನು ಒಲೆಯಂಥ ಪೆಟ್ಟಿಗೆಯಿಂದ ಬೆಚ್ಚಗೆ ಹೊರತೆಗೆದಳು. ಅದು ಮನುಷ್ಯನ ಮೈಯ ಬದಲಿಗೆ. ಎಷ್ಟು ಮೆತ್ತಗಿರಬೇಕೋ ಅಷ್ಟೇ ಮೆತ್ತಗಿದೆಯೇ ಎಂದು ನೋಡಲು ಮೇಲಿನಿಂದ ಒಂದು ಕಬ್ಬಿಣದ ಗುಂಡು ಬೀಳಿಸಿ, ಬಿದ್ದ ಕುಳಿಯ ಆಳ ಅಳೆದಳು. ನನ್ನ ಅಮ್ಮ ಹಲಸಿನ ಹಪ್ಪಳದ ಹಿಟ್ಟಿಗೆ ಹೆಬ್ಬೆರಳು ಒತ್ತಿ ನೋಡುತ್ತಿದ್ದುದು ಇದನ್ನೇ. ಅಂಗಿ ಗುಂಡನ್ನು ತಡೆದರೂ ಮಣ್ಣಿನಲ್ಲಿ ಕುಳಿ ತುಂಬ ಆಳವಾದರೆ ನಪಾಸು. ಗುಂಡು ಒಳಗೆ ಹೋಗದಿದ್ದರೂ ಪಕ್ಕೆಲುಬು ಮುರಿದೀತಲ್ಲ.

ಎದೆಯ ದಿಂಡನ್ನು ಮಣ್ಣಿಗೆ ಪಟ್ಟಿಯಿಂದ ಬಿಗಿದು, ಗಾಜಿನ ಹಿಂದೆ ನಮ್ಮನ್ನು ನಿಲ್ಲಿಸಿದಳು. ಇನ್ನೇನು ಹೊಡೆಯಬೇಕು, ಅಂಗಿಯ ಮೇಲೆ ಒಂದು ನೊಣ ಬಂದು ಕುಳಿತಿತು.

“ಸ್ಟಾಪ್!” ಎಂದು ಕೂಗಿದೆ. ಹೆಲ್ಗಾ ಬೆಚ್ಚಿಬಿದ್ದಳು. ನಾನು ನೊಣ ತೋರಿಸಿ ಕೈಮುಗಿದೆ. ಅವಳು ನನ್ನ ಮುಖ ನೋಡಿದಳು, ನೊಣವನ್ನು ನೋಡಿದಳು, ಕೆಂಪು ದೀಪ ಹಚ್ಚಿ, ಒಳಗೆ ಹೋಗಿ, ಒಂದು ಕಾಗದದಿಂದ ಅದನ್ನು ಮೆಲ್ಲಗೆ ಬಾಗಿಲ ತನಕ ಕಳಿಸಿಕೊಟ್ಟಳು. ಗೊಣಗಲಿಲ್ಲ, ನಗಲಿಲ್ಲ. ಆ ಹೊತ್ತಿಗೆ ನನಗೆ ಅವಳ ಮೇಲೆ ಬಂದ ಗೌರವ ಇನ್ನೂ ಹೋಗಿಲ್ಲ.

“ಇಲ್ಲಿ ನನ್ನ ಮಗನ ಪ್ರಾಣದ ಪರೀಕ್ಷೆ ಆಗ್ತಾ ಉಂಟು, ಇವರಿಗೆ ನೊಣದ್ದು” ಎಂದು ಅಬ್ಬಾಸಾಕ ಗೊಣಗಿದರು.

ಮೊದಲು ಪಿಸ್ತೂಲಿನಿಂದ ಹೊಡೆದಳು. ಅಂಗಿ ತಡೆಯಿತು. ಕುಳಿಯ ಆಳವೂ ಮಿತಿಯೊಳಗೇ ಇತ್ತು. ಅಬ್ಬಾಸಾಕ ನನ್ನ ಬೆನ್ನಿಗೆ ಗುದ್ದಿದ ಗುದ್ದು ಆ ಗುಂಡಿಗಿಂತ ಜೋರಾಗಿತ್ತು. ಹನ್ನೊಂದೂವರೆಗೆ ಸರಿಯಾಗಿ ಹೆಲ್ಗಾ ಊಟಕ್ಕೆ ಹೋದಳು. ನಾವು ಬಾಳೆಹಣ್ಣು ಸುಲಿದೆವು.

ಎರಡನೆಯ ದಿನ, ಮಧ್ಯಾಹ್ನ

ಊಟ ಮುಗಿಸಿ ಬಂದವಳು ಬೆಳಿಗ್ಗೆ ಪಿಸ್ತೂಲಿಗೆ ತುಂಬಿದ್ದಂಥದೇ ತೋಟೆ ತೆಗೆದಳು. ಈ ಸಲ ಉದ್ದ ನಳಿಗೆಯ ಕಾರ್ಬೈನ್. ತೋಟೆ ಪಿಸ್ತೂಲಿನದೇ ಆದರೂ ಉದ್ದ ನಳಿಗೆಯಲ್ಲಿ ಮದ್ದಿನ ಹೊಗೆ ಗುಂಡನ್ನು ಹೆಚ್ಚು ಹೊತ್ತು ದೂಡುತ್ತದಂತೆ, ಹಾಗಾಗಿ ಗುಂಡಿನ ವೇಗ ಹೆಚ್ಚಂತೆ. ಪಿಸ್ತೂಲಿಗೆ ಪಾಸಾದ ಎಷ್ಟೋ ಅಂಗಿಗಳು ಇಲ್ಲಿ ಬೀಳುತ್ತವೆ ಎಂದಳು. ನಾಸಿರನ ವ್ಯಾಪಾರಿಗೆ ಭಯ ಇದ್ದದ್ದೂ ಕಾರ್ಬೈನಿನದೇ.

ಮೊದಲನೆಯ ಗುಂಡು ನಿಂತಿತು. ಎರಡನೆಯದು ನಿಲ್ಲಲಿಲ್ಲ.

ಹೆಲ್ಗಾ ಪಟ್ಟಿ ಬಿಚ್ಚಿ, ಮಣ್ಣಿನೊಳಗೆ ಬೆರಳು ಹಾಕಿ ತೋರಿಸಿದಳು. ಬೆರಳು ಪೂರ್ತಿ ಒಳಗೆ ಹೋಯಿತು. ಅಬ್ಬಾಸಾಕ ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡದ್ದನ್ನು ಕಂಡೆ.

ಅವಳು ಪ್ಲಾಸ್ಟಿಕ್ ಕೊಯ್ದು, ಪದರಗಳನ್ನು ಬಿಡಿಸಿ, ಒಂದನ್ನು ಮೂಗಿನ ಹತ್ತಿರ ಹಿಡಿದು, ಮುಖ ಸಿಂಡರಿಸಿ ನನಗೆ ಕೊಟ್ಟಳು. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಸಣ್ಣ ಸಣ್ಣ ಹನಿಗಳಿದ್ದವು. ವಾಸನೆ ನೋಡಬೇಕಾದ ಅಗತ್ಯವೇ ಇರಲಿಲ್ಲ. ಜುಲೈ ತಿಂಗಳಲ್ಲಿ ನಮ್ಮ ಕಾಲೇಜು ಬಸ್ಸು ಹತ್ತಿದವರಿಗೆಲ್ಲ ಗೊತ್ತಿರುವ ವಾಸನೆ ಅದು. ಒಣಗದ ಯೂನಿಫಾರಮ್ಮಿನ ಮುಗ್ಗುಲು ವಾಸನೆ.

“ಇದಕ್ಕೆ ನೀರು ಹೇಗೆ ಬಂತು?” ಎಂದು ಕೇಳಿದಳು. “ಈ ನೂಲು ಒದ್ದೆಯಾದರೆ ಗುಂಡು ಜಾರಿಕೊಂಡು ಹೋಗುತ್ತದೆ. ಇದಕ್ಕೆ ಇಬ್ಬರು ಶತ್ರುಗಳು, ನೀರು ಮತ್ತು ಬಿಸಿಲು. ಬಟ್ಟೆಯ ಜೊತೆ ಕಾಗದ ಬಂದಿರಲಿಲ್ಲವೇ?”

ಬಂದಿತ್ತು. ಅದರ ಹಿಂದೆ ನಾಸಿರನ ಎದೆಯಳತೆ ಇತ್ತು. ಅದು ಈಗಲೂ ನನ್ನ ಕಿಸೆಯಲ್ಲೇ ಇತ್ತು.

ನಾನು ಎಲ್ಲವನ್ನೂ ಹೇಳಿದೆ. ಟಬ್ಬು, ಮಳೆ, ಫ್ಯಾನು, ಇಸ್ತ್ರಿಪೆಟ್ಟಿಗೆ. ಹೊರಗಿನ ನೀರು ಒಳಗೆ ಬಾರದ ಹಾಗೆ ಮಾಡಲು ಹೋಗಿ, ಒಳಗಿನ ನೀರು ಹೊರಗೆ ಹೋಗದ ಹಾಗೆ ನಾನೇ ಕಾವಲು ಕೂರಿಸಿದ್ದೆ. ಹೆಲ್ಗಾ ಬೆನ್ನಿನ ದಿಂಡನ್ನೂ ಬಿಚ್ಚಿ, ಒಂದೊಂದೇ ಪದರ ನೆರಳಿನ ಕೋಣೆಯಲ್ಲಿ ನೇತುಹಾಕಿದಳು. ಒಣಗಲಿ, ಆಮೇಲೆ ಇದಕ್ಕೂ ಹೊಡೆದು ನೋಡುವ ಎಂದಳು.

ಅಬ್ಬಾಸಾಕ ತುಂಬ ಮೆತ್ತಗೆ ಕೇಳಿದರು:

“ಪದ್ಮರಾಜರೇ, ನಾಸಿರನ ಅಂಗಿಯ ಬಟ್ಟೆ?”

“ಅದೇ ಟಬ್ಬಿನದ್ದು, ಅಬ್ಬಾಸಾಕ.”

ಫೋನ್ ಬೂತು

ಜರ್ಮನಿಯ ಫೋನಿಗೆ ಕಾರ್ಡು ಬೇಕು. ಕಾರ್ಡು ಸಿಗುವುದು ತಂಬಾಕಿನ ಅಂಗಡಿಯಲ್ಲಿ. ಆ ಅಂಗಡಿಗೆ ಹೋಗುವ ದಾರಿಯಲ್ಲಿ ಕೆಂಪು ದೀಪ. ಈ ಸಲ ನಾನೂ ದಾಟಿದೆ. ಬೈದ ಅಜ್ಜಿ ಇದ್ದಳೋ ಇಲ್ಲವೋ ನೋಡಲಿಲ್ಲ.

ಗಾಜಿನ ಆ ಡಬ್ಬಿಯೊಳಗೆ ಒಬ್ಬರಿಗೇ ಜಾಗ. ನಾವಿಬ್ಬರೂ ತುರುಕಿಕೊಂಡೆವು. ನಾಸಿರನ ಮೊಬೈಲ್ ರಿಂಗ್ ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಅಬ್ಬಾಸಾಕ ಮತ್ತೆ ಒತ್ತಿದರು. ಮತ್ತೆ ಎತ್ತಲಿಲ್ಲ. “ಇದು ಅವನು ಏರ್‌ಪೋರ್ಟಿಂದ ಮಾಲು ತರುವ ಹೊತ್ತು” ಎಂದರು. ನನ್ನ ಮುಖ ನೋಡದೆಯೇ ಹೇಳಿದರು. ಬೆವರು ಅವರ ಗಡ್ಡದಿಂದ ನನ್ನ ಭುಜಕ್ಕೆ ಬೀಳುತ್ತಿತ್ತು. ನಾನು ಮನಸ್ಸಿನಲ್ಲೇ ಮಂತ್ರ ಹೇಳಲು ಹೊರಟರೆ ನಾಲಿಗೆಗೆ ಬರುತ್ತಿದ್ದದ್ದು ‘ಹಾಕು ಮಾರಾಯ, ಹಾಕು ಮಾರಾಯ’ ಎಂಬ ನನ್ನದೇ ಮಾತು.

ನಾಲ್ಕನೆಯ ಸಲಕ್ಕೆ ಎತ್ತಿದ.

“ಬಾಪ? ಎಂತ ಬಾಪ, ಇಷ್ಟು ಸಲ? ನಾನು ಸ್ಟೇರಿಂಗಲ್ಲಿದ್ದೆ.”

“ಅಂಗಿ! ನಿನ್ನ ಮೈಮೇಲೆ ಆ ಅಂಗಿ ಉಂಟಾ?” ಎಂದು ಅಬ್ಬಾಸಾಕ ಕಿರುಚಿದರು.

ಆ ಕಡೆಯಿಂದ ಬಂದದ್ದು ಅಪ್ಪನ ಹತ್ತಿರ ಸಿಕ್ಕಿಬಿದ್ದ ಮಗನ ದನಿ. “ಇಲ್ಲ ಬಾಪ. ಬೈಬೇಡಿ. ಅದು ಸ್ವಲ್ಪ ನಾತ ಬರ್ಲಿಕ್ಕೆ ಶುರುವಾಯಿತು. ಪಕ್ಕದಲ್ಲಿ ಕೂತವರು ಮೂಗು ಮುಚ್ಚುತ್ತಾರೆ. ಅದಕ್ಕೇ ಹೊಲಿಗೆ ಬಿಚ್ಚಿ, ಟೆರೇಸಲ್ಲಿ ಬಿಸಿಲಿಗೆ ಹಾಕಿದ್ದೇನೆ. ಮೂರು ದಿನ ಆಯಿತು.”

“ಅಂಗಿ ಇಲ್ಲದೆ ಚಿನ್ನದ ವ್ಯಾನ್ ಓಡಿಸ್ತೀಯಾ! ನಿನಗೆ ಜೀವ ಬೇಡವಾ? ಈಗಲೇ ಹೋಗಿ ಹಾಕು!”

“ಅಬ್ಬಾಸಾಕ, ಹಾಕಬಾರದು” ಎಂದೆ ನಾನು.

“ಹಾಕಬೇಡ! ಮುಟ್ಟಬೇಡ! ಬಿಸಿಲಿಂದ ಒಳಗೆ ತೆಗಿ! ಬಿಸಿಲೂ ಅದಕ್ಕೆ ಆಗುವುದಿಲ್ಲವಂತೆ!”

“ಹಾಗಾದರೆ ಎಂತ ಮಾಡುದು ಬಾಪ?”

ಅಬ್ಬಾಸಾಕ ಯೋಚಿಸಿದರು. “ನಾಳೆಯಿಂದ ನಿನಗೆ ಹೊಟ್ಟೆನೋವು. ನಾವು ಬರುವ ತನಕ ಗುಣ ಆಗುವುದಿಲ್ಲ” ಎಂದು ಫೋನಿಟ್ಟರು. ಜೀವನದಲ್ಲಿ ಅವರು ಹೇಳಿಕೊಟ್ಟ ಸುಳ್ಳು ಅದೊಂದೇ ಇರಬೇಕು. ಆಮೇಲೆ ಬೂತಿನ ಗಾಜಿಗೆ ಹಣೆ ಒತ್ತಿ ಅತ್ತರು. ನನಗೂ ತಡೆಯಲಾಗಲಿಲ್ಲ. ಹೊರಗೆ ಸರದಿಯಲ್ಲಿ ನಿಂತಿದ್ದ ಒಬ್ಬ ಜರ್ಮನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಮ್ಮಲ್ಲಿ ಯಾರೋ ತೀರಿಹೋಗಿದ್ದಾರೆ ಎಂದುಕೊಂಡನೋ ಏನೋ.

ಐದನೆಯ ದಿನ

ಒಣಗಿದ ಬೆನ್ನಿನ ದಿಂಡಿಗೆ ಹೆಲ್ಗಾ ಕಾರ್ಬೈನಿನಿಂದ ಆರು ಗುಂಡು ಹೊಡೆದಳು. ಆರೂ ನಿಂತವು. ಬಟ್ಟೆಯ ತಪ್ಪಿಲ್ಲ, ಹೊಲಿಗೆಯ ತಪ್ಪಿಲ್ಲ, ತಪ್ಪು ನನ್ನದು ಎಂದು ಆರು ಸಲ ಸಾಬೀತಾಯಿತು. ಎರಡೂ ಫಲಿತಾಂಶ ಬರೆಯಿರಿ, ಬಿದ್ದದ್ದನ್ನೂ ಬರೆಯಿರಿ ಎಂದರು ಅಬ್ಬಾಸಾಕ. ಹೊರಡುವಾಗ ಹೆಲ್ಗಾ ನನಗೆ ಆ ಬಟ್ಟೆಗೆಂದೇ ಮಾಡಿದ, ಅಲಗಿನಲ್ಲಿ ಸಣ್ಣ ಹಲ್ಲಿರುವ ಕತ್ತರಿ ಕೊಟ್ಟಳು. ನಾನು ಉಳಿದಿದ್ದ ಹಪ್ಪಳ ಕೊಟ್ಟೆ. ಅವಳು ಅದನ್ನೂ ತೂಗಿದಳು.

ದುಬೈ

ವಾಪಸು ಬರುವಾಗ ದುಬೈಯಲ್ಲಿ ಇಳಿದೆವು. ವ್ಯಾಪಾರಿ ತರಿಸಿಟ್ಟ ಹೊಸ ಬಟ್ಟೆಯನ್ನು ನಾಸಿರನ ಕೋಣೆಯ ನೆಲದಲ್ಲಿ ಹಾಸಿ ನಾನೇ ಕತ್ತರಿಸಲು ಕುಳಿತೆ. ಆ ಕೋಣೆಯಲ್ಲಿ ಬೆಳ್ತಂಗಡಿ ಕಡೆಯ ಇಬ್ಬರು ಇದ್ದರು. ಒಬ್ಬ ಊರಿನಲ್ಲಿ ಟೈಲರ್ ಆಗಿದ್ದವನು. ನಾನು ಕತ್ತರಿ ಎತ್ತಿದ್ದೇ ಅವನು ಪಾಪ, ಸಹಾಯ ಮಾಡುವ ಎಂದು ಬಕೆಟಿನಲ್ಲಿ ನೀರು ತಂದ.

“ಅಣ್ಣ, ಮೊದಲು ನೀರಿಗೆ ಹಾಕುವುದಿಲ್ಲವಾ?”

ಅಬ್ಬಾಸಾಕ ಎದ್ದ ರಭಸಕ್ಕೆ ಅವನು ಬಕೆಟಿನ ಸಮೇತ ಮೆಟ್ಟಿಲ ಹತ್ತಿರ ಓಡಿದ. ಆಮೇಲೆ ಎರಡು ದಿನ ಆ ಕೋಣೆಯಲ್ಲಿ ಚಹಾದ ಲೋಟಕ್ಕೂ ಪ್ರವೇಶವಿರಲಿಲ್ಲ. ನನಗೆ ಬಾಯಾರಿದರೆ ಹೊರಗೆ ಹೋಗಿ ಕುಡಿದು, ಕೈ ಒರೆಸಿ, ಅಬ್ಬಾಸಾಕನಿಗೆ ಅಂಗೈ ತೋರಿಸಿ ಒಳಗೆ ಬರಬೇಕಿತ್ತು.

ಹೊಲಿಯುತ್ತ ನಾನು ನಾಸಿರನಿಗೆ ಹೇಳಿದೆ, “ತಪ್ಪು ನನ್ನದು ಮಗಾ. ಸಂಜೀವ ಕೇಳಿದ್ದ. ನಾನೇ ಹಾಕಿಸಿದ್ದು.”

ಅವನು ನಕ್ಕ. ಅವನ ಅಪ್ಪ ನಗಲಿಲ್ಲ. “ಬೂತಲ್ಲಿ ಆ ರಿಂಗು ಹೋಗ್ತಾ ಇದ್ದಾಗ ನಿಮ್ಮನ್ನು ಅಲ್ಲೇ ಮುಗಿಸುವ ಅಂತ ಆಗಿತ್ತು ನನಗೆ, ಪದ್ಮಣ್ಣ” ಎಂದರು. ನನಗೆ ಅದರಲ್ಲಿ ಕೇಳಿಸಿದ್ದು ‘ಪದ್ಮಣ್ಣ’ ಒಂದೇ. ಜರ್ಮನಿಯಲ್ಲಿ ಹೋದ ಹೆಸರು ವಾಪಸು ಬಂದಿತ್ತು.

ಅಂಗಿ ಮುಗಿಯಿತು. ನಾಸಿರ್ ಕೈ ಚಾಚಿದ. ಅಬ್ಬಾಸಾಕ ಅವನ ಕೈ ಸರಿಸಿ ಅಂಗಿಯನ್ನು ನನ್ನ ಮುಂದೆ ಹಿಡಿದರು.

“ಹೊಲಿದವರು ಮೊದಲು. ಮಸೀದಿಯ ಮೂಲೆ ತನಕ ಹೋಗಿ ಬನ್ನಿ.”

ಹೊರಗೆ ನಡುಮಧ್ಯಾಹ್ನ. ದುಬೈಯ ಜುಲೈ ತಿಂಗಳ ಬಿಸಿಲು. ನಾನು ಹಾಕಿಕೊಂಡು, ಮೇಲೊಂದು ಶರ್ಟು ಏರಿಸಿ ಇಳಿದು ಹೋದೆ. ಮಸೀದಿಯ ಮೂಲೆಗೆ ಹೋಗುವಷ್ಟರಲ್ಲಿ ಶರ್ಟು ಹಿಂಡಿದರೆ ಲೋಟ ತುಂಬುವಷ್ಟು ಬೆವರು. ಕೋಣೆಯ ಕಿಟಕಿಯಿಂದ ಮೂರ್ನಾಲ್ಕು ತಲೆಗಳು ನನ್ನನ್ನೇ ನೋಡುತ್ತಿದ್ದವು. ಪಾಪ ಮಾಡಿದವನು ಪ್ರದಕ್ಷಿಣೆ ಬರಲೇಬೇಕಲ್ಲ, ಬಂದೆ.

ಮೇಲೆ ಬಂದ ಕೂಡಲೇ ಅಬ್ಬಾಸಾಕ ಅಂಗಿ ಕಳಚಿ, ನಾನು ಅಂಟಿಸಿದ್ದ ಪ್ಲಾಸ್ಟಿಕ್ಕಿನ ಅಂಚನ್ನು ಬ್ಲೇಡಿನಿಂದ ಸ್ವಲ್ಪವೇ ಕೊಯ್ದರು. ಬೆರಳು ಹಾಕಿ ಮುಟ್ಟಿ ನೋಡಿದರು. ಆಮೇಲೆ ಮುಖ ಇಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಎಳೆದರು. ಕೋಣೆಯಲ್ಲಿ ಯಾರೂ ಅಲ್ಲಾಡಲಿಲ್ಲ. ನಾನಂತೂ ಕಾಲೇಜಿನ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ಗೋಡೆಗೆ ಒರಗಿ ನಿಂತಿದ್ದೆ. ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಹಪ್ಪಳದ ಹಾಗೆ ಉಂಟು” ಎಂದರು.

ನಾನು ಇಸ್ತ್ರಿಪೆಟ್ಟಿಗೆ ತಂದು ಆ ಕೊಯ್ದ ಅಂಚನ್ನು ಮತ್ತೆ ಅಂಟಿಸಿಕೊಟ್ಟೆ. ಅಬ್ಬಾಸಾಕ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ, ಚಿಕ್ಕಂದಿನಲ್ಲಿ ಶಾಲೆಗೆ ಹೊರಡಿಸುವಾಗ ಮಾಡುತ್ತಿದ್ದ ಹಾಗೆ, ಮಗನ ತಲೆಯ ಮೇಲಿನಿಂದ ಇಳಿಸಿ, ಎರಡು ಬದಿಯ ಪಟ್ಟಿಗಳನ್ನು ತಾವೇ ಬಿಗಿದರು.

“ಹೋಗು. ನಿನ್ನ ಹೊಟ್ಟೆನೋವು ಗುಣ ಆಯಿತು” ಎಂದರು.